ಬಲಿಯದ ಸಿಡಿಲು

ಕೊಪ್ಪ
೧೪-೧೧-೧೯೩೭

ನರಸಿಂಹರಾಜಪುರದ ನಿವೃತ್ತ ಉಪಾಧ್ಯಾಯರಾದ ಶ್ರೀ ಶಾಂತವೀರಪ್ಪನವರಿಗೆ ಶರಣು.

ತಮಗೆ ನನ್ನ ಗುರುತಿಲ್ಲ. ನಾನು ಬಾಳೆಹೊನ್ನೂರಿನವನು, ಕೊಪ್ಪ, ಶೃಂಗೇರಿ ಕಡೆಯ ಹಳ್ಳಿಗಳಲ್ಲಿ ಸಿಡುಬಿನ ದಾಕು ಹಾಕುವ ಸರ್ಕಾರಿ ನೌಕರ. ತಾವು ಹಳೆಯ ಕಲ್ಲುಗಳನ್ನು ಬಲ್ಲವರೆಂದು ನಮ್ಮೂರಿನ ಹಿರಿಯರೊಬ್ಬರು ಹೇಳಿದ್ದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಈ ಸೀಮೆಯ ಕೆಲವು ಮನೆಗಳಲ್ಲಿ ಸಿಡಿಲುಕಲ್ಲು ಎಂದು ಇಟ್ಟುಕೊಂಡಿರುತ್ತಾರೆ. ಕಪ್ಪು ಕಲ್ಲು, ಅಂಗೈಯಗಲ, ಒಂದು ತುದಿ ಕೊಡಲಿಯ ಬಾಯಿಯಂತೆ ತೆಳ್ಳಗೆ, ಮೈಯೆಲ್ಲ ಎಣ್ಣೆ ಸವರಿದಷ್ಟು ನುಣುಪು. ಸಿಡಿಲಿನ ಜೊತೆ ಆಕಾಶದಿಂದ ಬಿದ್ದದ್ದು ಎನ್ನುತ್ತಾರೆ. ಮಗುವಿಗೆ ಜ್ವರ ಬಂದರೆ ನೀರಿನಲ್ಲಿ ತೇಯ್ದು ಕುಡಿಸುತ್ತಾರೆ. ದಾಕು ಹಾಕಲು ಹೋದವನಿಗೆ ಮೊದಮೊದಲು ಆ ಕಲ್ಲುಗಳ ಮೇಲೆ ಸಿಟ್ಟಿತ್ತು. ಈಗ ಆಸೆ ಹುಟ್ಟಿದೆ. ಕೇಳಿ ಪಡೆದು ಕೆಲವನ್ನು ಕೂಡಿಸಿದ್ದೇನೆ.

ಕಿಗ್ಗದ ವಾಸಪ್ಪ ಎಂಬ ರೈತರ ಗದ್ದೆಯ ಮೇಲಿನ ದಿಬ್ಬದಲ್ಲಿ ಇಂಥವು ಸಿಕ್ಕಾಗ ಜೊತೆಗೆ ಒರಟಾದವೂ ಸಿಕ್ಕಿದವು. ಆಕಾರ ಅದೇ, ನುಣುಪು ಮಾತ್ರ ಇಲ್ಲ. ಅವರ ತಾಯಿ ವೆಂಕಮ್ಮನವರನ್ನು ಕೇಳಿದೆ. "ಅದು ಹೀಚು ಮಾರಾಯ್ರೆ," ಎಂದರು. "ಬಲಿಯೋ ಮುಂಚೆ ಉದುರಿದ ಸಿಡಿಲು." ನನಗೆ ನಗು ಬಂತು. ಆದರೆ ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲೂ ಇರಲಿಲ್ಲ. ಈ ಒರಟು ಕಲ್ಲುಗಳನ್ನು ಇಟ್ಟುಕೊಳ್ಳಲೇ, ಎಸೆಯಲೇ? ತಿಳಿಸಿದರೆ ಉಪಕಾರ.

ತಮ್ಮ ವಿಧೇಯ,
ರೇಣುಕಪ್ಪ

*

ನರಸಿಂಹರಾಜಪುರ
೨೨-೧೧-೧೯೩೭

ಶ್ರೀ ರೇಣುಕಪ್ಪನವರಿಗೆ ಶರಣು.

ನಮ್ಮ ತಂದೆಯವರು ಕಳೆದ ಶ್ರಾವಣದಲ್ಲಿ ಲಿಂಗೈಕ್ಯರಾದರು. ಅವರ ಹೆಸರು ಬರೆದ ಲಕೋಟೆ ಕೈಗೆ ಬಂದಾಗ, ಒಳಕೋಣೆಯಲ್ಲಿ ಅವರಿದ್ದಾರೆಂದೇ ಅನಿಸಿ ಕೂಗಲು ಬಾಯಿ ತೆರೆದೆ. ಆಮೇಲೆ ಕೂತು ಓದಿದೆ.

ನಾನು ಅವರ ಮಗಳು. ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಕಲ್ಲುಗಳ ವಿಷಯದಲ್ಲಿ ಅವರಿಗೆ ತಿಳಿದಿದ್ದರಲ್ಲಿ ಒಂದಿಷ್ಟು ನನಗೂ ತಿಳಿದಿದೆ. ನಿಮಗೆ ಅಡ್ಡಿಯಿಲ್ಲವಾದರೆ ಉತ್ತರಿಸುತ್ತೇನೆ.

ಅವು ಆಕಾಶದಿಂದ ಬಿದ್ದವಲ್ಲ. ಕಬ್ಬಿಣ ಕಾಣದ ಕಾಲದ ಜನ ಮಾಡಿಕೊಂಡ ಕೊಡಲಿಗಳು. ದಯವಿಟ್ಟು ಒರಟಾದವನ್ನು ಎಸೆಯಬೇಡಿ. ನುಣುಪಾದ ಕೊಡಲಿ ಕೈಯಿಂದ ಕೈಗೆ ದಾಟಿ ಎಲ್ಲಿಂದಲೋ ಬಂದಿರಬಹುದು. ಅರ್ಧ ಮಾಡಿದ್ದು ಸಿಕ್ಕರೆ, ಅದರ ಚಕ್ಕೆಗಳೂ ಅಲ್ಲೇ ಬಿದ್ದಿದ್ದರೆ, ಮಾಡಿದವನು ಆ ಜಾಗದಲ್ಲೇ ಕೂತಿದ್ದನೆಂದು ಅರ್ಥ. ಎಲ್ಲರೂ ಹೊಳೆಯುವುದನ್ನು ಕೂಡಿಡುತ್ತಾರೆ. ನಮ್ಮ ತಂದೆಯವರಿಗೆ ಹೊಳೆಯದಿರುವುದೇ ಬೇಕಾಗಿತ್ತು.

ಅವನ್ನು ಒಮ್ಮೆ ಕಳಿಸಿಕೊಟ್ಟರೆ ನೋಡಿ ಹಿಂದಿರುಗಿಸುತ್ತೇನೆ. ಅಣ್ಣ ಷಡಕ್ಷರಿಯವರ ಜವಳಿ ಅಂಗಡಿ ಪೇಟೆಯಲ್ಲಿದೆ, ಮೋಟಾರಿನವರಿಗೆ ಗೊತ್ತು.

ಇತಿ,
ನೀಲಾಂಬಿಕೆ

*

ಕೊಪ್ಪ
೯-೧-೧೯೩೮

ಶ್ರೀಮತಿ ನೀಲಾಂಬಿಕೆಯವರಿಗೆ ಶರಣು.

ತಂದೆಯವರ ಸುದ್ದಿ ತಿಳಿದು ಮನಸ್ಸಿಗೆ ನೋವಾಯಿತು. ತಡವಾಗಿದ್ದಕ್ಕೆ ಕಾರಣವೂ ಇದೆ: ನಿಮ್ಮ ಉತ್ತರ ಬರುವಷ್ಟರಲ್ಲಿ ಒರಟು ಕಲ್ಲುಗಳನ್ನು ಹಿತ್ತಿಲಿಗೆ ಎಸೆದುಬಿಟ್ಟಿದ್ದೆ. ನಾನಿರುವ ಮನೆಯ ಯಜಮಾನಿ ಜಲಜಮ್ಮನವರು ಒಂದನ್ನು ಬಚ್ಚಲಿನ ಹಂಡೆ ಅಲುಗದಂತೆ ಅದರ ಕೆಳಗೆ ಒತ್ತುಕೊಟ್ಟಿದ್ದರು. ಬೇರೆ ಕಲ್ಲು ಹುಡುಕಿ ಕೊಟ್ಟು ಅದನ್ನು ಬಿಡಿಸಿಕೊಂಡೆ. "ಎಂತ ಹುಚ್ಚು ಮಾರಾಯ್ರೆ ನಿಮ್ದು," ಎಂದರು.

ಗೋಣಿಚೀಲದಲ್ಲಿ ಕಟ್ಟಿ ಇದರೊಂದಿಗೆ ಕಳಿಸಿದ್ದೇನೆ.

ಇತಿ,
ರೇಣುಕಪ್ಪ

*

ನರಸಿಂಹರಾಜಪುರ
೩೦-೧-೧೯೩೮

ಶ್ರೀ ರೇಣುಕಪ್ಪನವರಿಗೆ,

ಕಲ್ಲುಗಳನ್ನು ತೊಳೆದು, ಭಾನುವಾರವೆಲ್ಲ ಜಗಲಿಯ ಬಿಸಿಲಿನಲ್ಲಿ ಇಟ್ಟುಕೊಂಡು ನೋಡಿದೆ.

ಕೊಡಲಿ ಮಾಡುವವರು ಮೊದಲು ಕಲ್ಲಿನಿಂದ ಚಕ್ಕೆ ಎಬ್ಬಿಸುತ್ತಾರೆ. ಆಮೇಲೆ ಏರುತಗ್ಗು ಹೋಗುವಂತೆ ಇನ್ನೊಂದು ಕಲ್ಲಿನಿಂದ ಮೈಯೆಲ್ಲ ಮೆಲ್ಲಗೆ ಕುಟ್ಟುತ್ತಾರೆ. ಬೀಸುಕಲ್ಲು ಸವೆದಾಗ ಕುಟ್ಟಿಸುತ್ತೇವಲ್ಲ, ಆಗ ಬೀಳುವಂಥದೇ ಸಣ್ಣ ಸಣ್ಣ ಗುಳಿ. ಕೊನೆಗೆ ಬಂಡೆಯ ಮೇಲೆ ಮರಳು, ನೀರು ಹಾಕಿ ಉಜ್ಜುತ್ತಾರೆ. ನಿಮ್ಮ ಚೀಲದಲ್ಲಿ ಒಂದು ಚಕ್ಕೆಯ ಹಂತದಲ್ಲೇ ಮುರಿದದ್ದು. ಹಂಡೆಯ ಕೆಳಗಿದ್ದದ್ದೂ ಉಳಿದವೂ ಪೂರ್ತಿ ಕುಟ್ಟಿಸಿಕೊಂಡು, ಉಜ್ಜಿಸಿಕೊಳ್ಳದೆ ನಿಂತವು.

ಇನ್ನೆರಡು ಬರಿಯ ಹೊಳೆಕಲ್ಲು. ನೀರು ಉಜ್ಜಿದರೆ ಏರಿನ ಜೊತೆಗೆ ತಗ್ಗೂ ನುಣ್ಣಗಾಗುತ್ತದೆ. ಮನುಷ್ಯ ಉಜ್ಜಿದರೆ ಏರು ಮಾತ್ರ ನುಣುಪು. ತಗ್ಗಿನಲ್ಲಿ ಒರಟು ಉಳಿದೇ ಇರುತ್ತದೆ. ಬೆರಳು ಹಾಕಿದರೆ ಗೊತ್ತಾಗುತ್ತದೆ. ಆ ಎರಡು ಕಿಗ್ಗದ ದಿಬ್ಬದಲ್ಲಿ ಸಿಕ್ಕವಲ್ಲ, ತುಂಗೆಯಿಂದ ತಂದವು ಎಂದು ನನ್ನ ಅನುಮಾನ. ನನ್ನನ್ನು ಪರೀಕ್ಷೆ ಮಾಡಲು ಹಾಕಿದ್ದರೆ, ಪರೀಕ್ಷೆ ಮುಗಿಯಿತೆಂದು ಭಾವಿಸುತ್ತೇನೆ.

ಉಜ್ಜಿದ ಬಂಡೆ ಅಲ್ಲೇ ಹತ್ತಿರದಲ್ಲಿ, ನೀರಿನ ಬಳಿ ಇರಬೇಕು. ಹುಡುಕುವಿರಾ?

ಇತಿ,
ನೀಲಾಂಬಿಕೆ

*

ಶೃಂಗೇರಿ
೧೯-೩-೧೯೩೮

ನೀಲಾಂಬಿಕೆಯವರಿಗೆ,

ತುಂಗೆಯ ಕಲ್ಲು ಹಾಕಿದ್ದು ನಾನೇ. ನಿಮ್ಮ ಕಾಗದ ಓದಿ ಮುಖ ಬಿಸಿಯಾಯಿತು, ನಗುವೂ ಬಂತು. ಕ್ಷಮಿಸಿ.

ಬಂಡೆ ಸಿಕ್ಕಿತು. ವಾಸಪ್ಪನವರ ದಿಬ್ಬದ ಹಿಂದೆ ಕಾಡು ಶುರುವಾಗುವಲ್ಲಿ ಒಂದು ಹಳ್ಳ ಇಳಿಯುತ್ತದೆ. ಬೇಸಿಗೆಯಲ್ಲೂ ಸಣ್ಣಗೆ ಹರಿಯುತ್ತದೆ. ಅದರ ದಡದಲ್ಲಿ ಎಮ್ಮೆ ಮಲಗಿದಂಥ ಚಪ್ಪಟೆ ಬಂಡೆ. ಎಲೆ, ಪಾಚಿ ತೆಗೆದು ನೀರು ಹಾಕಿ ತೊಳೆದೆವು. ಉದ್ದುದ್ದ ಗುಳಿಗಳು, ದೋಣಿಯ ಹೊಟ್ಟೆಯ ಹಾಗೆ, ಪಕ್ಕಪಕ್ಕದಲ್ಲಿ. ನನ್ನ ಬಳಿಯ ಒಂದು ಕೊಡಲಿಯನ್ನು ಗುಳಿಯೊಳಗೆ ಇಟ್ಟು ಹಿಂದೆ ಮುಂದೆ ಎಳೆದೆ. ಅದು ತನ್ನ ಹಾಸಿಗೆ ಗೊತ್ತಿದ್ದ ಹಾಗೆ ಕೂತುಬಿಟ್ಟಿತು. ಎದುರಿಗೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

ವಾಸಪ್ಪನವರು ದನ ಹೊಡೆದುಕೊಂಡು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಇದನ್ನು ಮೊದಲು ನೋಡಬೇಕಾಗಿದ್ದವರು ನೀವು ಎಂದು ಅನಿಸಿತು.

ನಿಮ್ಮ,
ರೇಣುಕಪ್ಪ

*

ನರಸಿಂಹರಾಜಪುರ
೩-೪-೧೯೩೮

ರೇಣುಕಪ್ಪನವರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಬೇಸಿಗೆ ರಜೆಯಲ್ಲಿ ಒಮ್ಮೆ ಹೋಗಿ ನೋಡಿ ಬರಲೇ ಎಂದು ಅಣ್ಣನನ್ನು ಕೇಳಿದೆ. ಅಣ್ಣ ಕೋಪಿಸಿಕೊಳ್ಳಲಿಲ್ಲ. ಕಿಗ್ಗದಲ್ಲಿ ನಮ್ಮವರು ಯಾರಿದ್ದಾರೆ, ಯಾರ ಮನೆಗೆ ಹೋಗುತ್ತೀಯ ಎಂದು ಮಾತ್ರ ಕೇಳಿದ. ನಾನು ಎದ್ದು ಒಳಗೆ ಬಂದೆ.

ನನ್ನ ವಿಷಯ ನಿಮಗೆ ತಿಳಿದಿರಬೇಕು. ಹನ್ನೆರಡಕ್ಕೆ ಮದುವೆಯಾಗಿ ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದ ಮೊದಲ ವಾರ ನಾನು ಕೋಣೆ ಬಿಟ್ಟು ಏಳಲಿಲ್ಲ. ಅಪ್ಪ ಒಂದು ಒರಟು ಕಲ್ಲನ್ನು ತಂದು ಮಡಿಲಲ್ಲಿಟ್ಟು, "ಇವನು ಯಾಕೆ ಕೆಲಸ ನಿಲ್ಲಿಸಿದ, ನೋಡಿ ಹೇಳು," ಎಂದು ಹೊರಟುಹೋದರು. ಸಂಜೆಯ ಹೊತ್ತಿಗೆ ಕಂಡುಹಿಡಿದೆ: ಒಂದು ಪಕ್ಕದಲ್ಲಿ ಗಂಟು ಉಳಿದಿತ್ತು, ಎಷ್ಟು ಹೊಡೆದರೂ ಅದು ಎದ್ದು ಬಂದಿರಲಿಲ್ಲ. ಮಾರನೆಯ ದಿನ ಇನ್ನೊಂದು ಕಲ್ಲು ಬಂತು. ಎಲ್ಲದರಲ್ಲೂ ಏನಾದರೊಂದು ದೋಷ ಇರುತ್ತಿತ್ತು. ಹಾಗೆ ಕಲಿತೆ.

ಮುರಿದದ್ದೊಂದನ್ನು ಬಿಟ್ಟರೆ, ನೀವು ಕಳಿಸಿದ ಕಿಗ್ಗದ ಕಲ್ಲುಗಳಲ್ಲಿ ಮಾತ್ರ ದೋಷ ಸಿಗುತ್ತಿಲ್ಲ. ಕುಟ್ಟಿದ್ದು ಹದವಾಗಿದೆ, ಎಲ್ಲೂ ಬಿರುಕಿಲ್ಲ. ಆದರೂ ಯಾಕೆ ನಿಲ್ಲಿಸಿದರೋ ಗೊತ್ತಾಗುತ್ತಿಲ್ಲ. ಬಂಡೆ ನೋಡಿದರೆ ತಿಳಿಯುತ್ತಿತ್ತೇನೋ. ಒಂದು ಗುಳಿಯ ಮೇಲೆ ಕಾಗದ ಹಾಸಿ ಇದ್ದಿಲು ಉಜ್ಜಿ ಕಳಿಸಿ. ಅಷ್ಟಾದರೂ ನೋಡುತ್ತೇನೆ.

ಇತಿ,
ನೀಲಾಂಬಿಕೆ

*

ಕೊಪ್ಪ
೨೭-೧೧-೧೯೩೮

ನೀಲಾಂಬಿಕೆಯವರಿಗೆ,

ನೀವು ಕೇಳಿದ ಇದ್ದಿಲಿನ ಅಚ್ಚನ್ನು ಮಳೆಗೆ ಮುಂಚೆಯೇ ಕಳಿಸಿದ್ದೆ. ಮೊನ್ನೆ ನಿಮ್ಮೂರಿನ ದಾಕಿನವರು ಚಳಿಜ್ವರದಿಂದ ಮಲಗಿದ್ದಕ್ಕೆ ಅವರ ಬದಲು ನನ್ನನ್ನು ಕಳಿಸಿದರು. ಮುಂಚೆ ತಿಳಿಸಲು ವೇಳೆಯಿರಲಿಲ್ಲ. ನಿಮ್ಮ ಶಾಲೆಯ ಮೆಟ್ಟಿಲು ಹತ್ತುವಾಗ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ನೋಡಿಕೊಂಡೆ. ಹತ್ತು ವರ್ಷದ ನೌಕರಿಯಲ್ಲಿ ಎಂದೂ ನೋಡಿಕೊಂಡಿರಲಿಲ್ಲ.

ಬಾಗಿಲಲ್ಲಿ ಹೆಸರು ಹೇಳಿದಾಗ ನಿಮ್ಮ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. ಆಮೇಲೆ ಮಧ್ಯಾಹ್ನದವರೆಗೆ ನೀವು ಒಬ್ಬೊಬ್ಬ ಹುಡುಗಿಯ ತೋಳು ಹಿಡಿದುಕೊಂಡು ನಿಂತಿರಿ, ನಾನು ದಾಕು ಹಾಕಿದೆ. ಮಾತಾಡಿದ್ದೇನು? "ಈ ಮಗುವಿಗೆ ಹೋದ ವರ್ಷ ಹಾಕಿದ್ದಾರೆ," ಎಂದಿರಿ. "ಹಾಗಾದರೆ ಬೇಡ," ಎಂದೆ. ಒಂದು ಸಣ್ಣ ಹುಡುಗಿ ನಿಮ್ಮ ಸೊಂಟ ತಬ್ಬಿಕೊಂಡು ಬಿಡದೇ ಇದ್ದಾಗ ಅವಳ ಕಿವಿಯಲ್ಲಿ ಏನೋ ಹೇಳಿದಿರಿ, ಅವಳು ತೋಳು ಚಾಚಿದಳು. ಏನು ಹೇಳಿದಿರೆಂದು ಕೇಳಬೇಕೆಂದಿದ್ದೆ. ಮುಖ್ಯೋಪಾಧ್ಯಾಯಿನಿ ಅಲ್ಲೇ ಕೂತಿದ್ದರು.

ಮೋಟಾರಿನಲ್ಲಿ ಹಿಂತಿರುಗುವಾಗ ಇದನ್ನು ಬರೆಯಲೇಬೇಕೆಂದು ನಿಶ್ಚಯಿಸಿದೆ. ನನ್ನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಮಕ್ಕಳಿಲ್ಲ. ಇನ್ನೊಂದು ಮದುವೆಯ ಮಾತು ಬಂದಾಗಲೆಲ್ಲ ತಪ್ಪಿಸಿಕೊಂಡಿದ್ದೇನೆ. ನಿಮಗೆ ಒಪ್ಪಿಗೆಯಾದರೆ ನಮ್ಮ ದೊಡ್ಡಪ್ಪ ಲಿಂಗಪ್ಪನವರನ್ನು ನಿಮ್ಮ ಅಣ್ಣನ ಬಳಿಗೆ ಕಳಿಸುತ್ತೇನೆ. ನಮ್ಮ ಹಿರಿಯರಲ್ಲಿ ಇಲ್ಲದ ದಾರಿಯೇನಲ್ಲ ಇದು. ಒಪ್ಪಿಗೆಯಿಲ್ಲವಾದರೆ ಈ ಕಾಗದವನ್ನು ಒಲೆಗೆ ಹಾಕಿ, ಕಲ್ಲುಗಳ ವಿಷಯ ಬರೆಯಿರಿ. ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ನಿಮ್ಮ,
ರೇಣುಕಪ್ಪ

*

ನರಸಿಂಹರಾಜಪುರ
೧೨-೩-೧೯೩೯

ರೇಣುಕಪ್ಪನವರೆ,

ಚಳಿಗಾಲ ಪೂರ್ತಿ ನಿಮ್ಮನ್ನು ಕಾಯಿಸಿದೆ. ನಡುವೆ ನೀವು ಒಂದೂ ಮಾತಿಲ್ಲದೆ ಕಳಿಸಿದ ಎರಡು ಕಲ್ಲುಗಳು ತಲುಪಿವೆ. ಅವೂ ಮೊದಲಿನವುಗಳ ಹಾಗೆಯೇ, ದೋಷವಿಲ್ಲದವು.

ಬರೆಯಲು ಕೂತು ಎದ್ದುಹೋಗುತ್ತಿದ್ದೆ. ಕೊನೆಗೆ ಶಿವರಾತ್ರಿಯ ಮಾರನೆಯ ದಿನ ನಿಮ್ಮ ಕಾಗದವನ್ನು ಅಣ್ಣನ ಕೈಗೇ ಕೊಟ್ಟೆ. ಓದಿ ಗಜಕೋಲನ್ನು ಕೈಗೆತ್ತಿಕೊಂಡು ತಿರುಗಿಸಿದ. ಆಮೇಲೆ, "ನೀಲಾ, ನಾನು ಬೇಡ ಅನ್ನೋದಿಲ್ಲ," ಎಂದ. "ಅನ್ನಪೂರ್ಣನ ಮದುವೆ ಒಂದು ಆಗ್ಲಿ. ಅಲ್ಲಿವರೆಗೆ ಈ ಮಾತು ಹೊಸಿಲು ದಾಟೋದು ಬೇಡ." ಅನ್ನಪೂರ್ಣೆ ಅವನ ಮಗಳು. ನಾನು ಎತ್ತಿ ಆಡಿಸಿದ ಕೂಸು. ಅತ್ತೆಯ ಸುದ್ದಿ ಅಡ್ಡ ಬಂದು ಅವಳಿಗೆ ಗಂಡು ತಪ್ಪಿದರೆ ನಾನು ಆ ಮನೆಯಲ್ಲಿ ಹೇಗಿರಲಿ, ಬಿಟ್ಟು ಹೇಗೆ ಬರಲಿ?

ನನ್ನ ಮನಸ್ಸೇನೆಂದು ನೀವು ಕೇಳಿದ್ದೀರಿ. ಕಾಗದವನ್ನು ಒಲೆಗೆ ಹಾಕಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುವುದಿಲ್ಲ.

ಆ ಮಗುವಿಗೆ ಹೇಳಿದ್ದು ಇಷ್ಟೇ: ಇವರು ನನಗೆ ಗೊತ್ತಿರುವವರು, ನೋಯಿಸುವುದಿಲ್ಲ ಎಂದು.

ನೀಲಾಂಬಿಕೆ

*

ಕೊಪ್ಪ
೨-೪-೧೯೩೯

ನೀಲಾಂಬಿಕೆ,

ಕಾಯುತ್ತೇನೆ. ಆ ಮಾತನ್ನು ಮತ್ತೆ ಎತ್ತುವುದಿಲ್ಲ.

ಆದರೆ ನನಗೆ ವರ್ಗವಾಗಿದೆ, ಮೊಳಕಾಲ್ಮೂರಿಗೆ. ಮೇ ತಿಂಗಳ ಕೊನೆಗೆ ಹೊರಡಬೇಕು. ಅಷ್ಟರೊಳಗೆ ನೀವು ಬಂಡೆ ನೋಡುವ ದಾರಿ ಏನಾದರೂ ಇದೆಯೇ? ನಾನು ಅಲ್ಲಿರುವುದು ಸರಿಯಲ್ಲ ಎಂದಾದರೆ ದೂರವಿರುತ್ತೇನೆ, ವಾಸಪ್ಪನವರು ತೋರಿಸುತ್ತಾರೆ.

ರೇಣುಕಪ್ಪ

*

ನರಸಿಂಹರಾಜಪುರ
೧೧-೬-೧೯೩೯

ರೇಣುಕಪ್ಪನವರೆ,

ನೀವು ಈ ಹೊತ್ತಿಗೆ ಹೊಸ ಊರಿಗೆ ಹೊಂದಿಕೊಂಡಿರಬಹುದು. ಇಲ್ಲಿ ಮಳೆ ಹಿಡಿದಿದೆ.

ಅತ್ತಿಗೆ ಸುಲೋಚನಮ್ಮ ಮಾಡಿದ ಉಪಕಾರವನ್ನು ನಾನು ತೀರಿಸಲಾರೆ. ಮಗಳ ಕಂಕಣಭಾಗ್ಯಕ್ಕೆ ಶೃಂಗೇರಿ ಶಾರದೆಗೆ ಹರಕೆ ಇದೆ, ಕಿಗ್ಗದ ದೇವರಿಗೂ ಹಣ್ಣುಕಾಯಿ ಮಾಡಿಸಬೇಕು ಎಂದು ಅಣ್ಣನ ಮುಂದೆ ಹೇಳಿದಾಗ ನನಗೇ ನಂಬಿಕೆಯಾಗಲಿಲ್ಲ. ಅಂಥ ಹರಕೆ ಇರಲೇ ಇಲ್ಲ ಎಂದು ಗಾಡಿಯಲ್ಲಿ ಕೂತ ಮೇಲೆ ನನ್ನ ಕೈ ಅದುಮಿದರು. ಕಿಗ್ಗದಲ್ಲೂ, ಅನ್ನಪೂರ್ಣೆಗೆ ಕಾಲು ನೋಯುತ್ತದೆಂದು ಅವಳನ್ನು ವೆಂಕಮ್ಮನವರ ಮನೆಯಲ್ಲೇ ಕೂರಿಸಿಕೊಂಡು ಉಳಿದದ್ದು ಅವರೇ.

ನೀವು ದೂರವಿರುತ್ತೇನೆಂದು ಬರೆದಿರಿ. ದೂರವಿರಲಿಲ್ಲ. ಒಳ್ಳೆಯದಾಯಿತು.

ಆ ದಿನ ಬಂಡೆಯ ಎರಡು ಬದಿಗೆ ಕೂತು ನಾವು ಕಲ್ಲಿನ ಮಾತು ಬಿಟ್ಟು ಬೇರೆ ಆಡಲಿಲ್ಲ. ಬಂಡೆಯ ಹಿಂಬದಿಯ ಸಂದಿನಲ್ಲಿ ನೀವು ಕಸ ಸರಿಸಿದಾಗ ಒರಟು ಕಲ್ಲುಗಳು ಒಂದರ ಪಕ್ಕ ಒಂದು ಜೋಡಿಸಿಟ್ಟ ಹಾಗೆ ಸಿಕ್ಕವಲ್ಲ, ಆಗ ನನಗೆ ಅರ್ಥವಾಯಿತು. ಅಪ್ಪ ನನಗೆ ದೋಷ ಹುಡುಕಲು ಕಲಿಸಿದ್ದರು, ಅದಕ್ಕೇ ನಾನು ವರ್ಷವೆಲ್ಲ ದೋಷ ಹುಡುಕಿದೆ. ಇವು ಕೆಟ್ಟು ಬಿಟ್ಟವಲ್ಲ. ಉಜ್ಜುವ ಸರದಿಗೆ ಇಟ್ಟವು. ಅಷ್ಟರಲ್ಲಿ ಅವರಿಗೆ ಏನಾಯಿತೋ, ರೋಗವೋ, ನೆರೆಯೋ, ಇಟ್ಟವರು ಹಿಂತಿರುಗಲಿಲ್ಲ. "ಬಹಳ ಕಾಲ ಇಟ್ಟುಬಿಟ್ಟರು," ಎಂದೆ. ನೀವು ಎದ್ದು ಹಳ್ಳದಲ್ಲಿ ಕೈ ತೊಳೆಯಲು ಹೋದಿರಿ. ನೀವು ಬರುವಷ್ಟರಲ್ಲಿ ಅತ್ತಿಗೆ ದಿಬ್ಬದ ಮೇಲಿಂದ ಕೂಗಿದರು.

ಗಾಡಿ ಇಳಿಜಾರು ದಾಟುವವರೆಗೆ ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ. ಈಗ ಅನಿಸುತ್ತದೆ, ನೋಡಬೇಕಾಗಿತ್ತು.

ನೀಲಾಂಬಿಕೆ

*

ಮೊಳಕಾಲ್ಮೂರು
೨೧-೧-೧೯೪೦

ನೀಲಾಂಬಿಕೆ,

ಇದು ಕಲ್ಲಿನ ಸೀಮೆ. ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ; ಮರ ಕಂಡರೆ ಹೆಸರು ಕೇಳಬೇಕೆನಿಸುತ್ತದೆ. ಸಂಜೆ ಗಾಳಿ ಬೀಸಿದಾಗ ನಮ್ಮ ಕಡೆಯ ಒದ್ದೆ ಮಣ್ಣಿನ ವಾಸನೆಗೆ ಮೂಗು ಹುಡುಕುತ್ತದೆ.

ಹೊಲಗಳ ಬದುವಿನಲ್ಲಿ ನಮ್ಮಂಥ ಕಲ್ಲುಗಳು ಕಾಣಸಿಗುತ್ತವೆ, ಚಕ್ಕೆಗಳ ಸಮೇತ. ಎತ್ತಿ ಬೆರಳು ಹಾಕಿ ನೋಡುತ್ತೇನೆ. ತಗ್ಗು ಒರಟಾಗಿದೆ, ಏರು ನುಣುಪಾಗಿದೆ ಎಂದು ಗಟ್ಟಿಯಾಗಿ ಹೇಳುತ್ತೇನೆ. ಹೌದು ಅಥವಾ ಅಲ್ಲ ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ. ಮನೆಗೆ ತಂದು ಗೋಡೆಯ ಪಕ್ಕ ಇಡುತ್ತಿದ್ದೇನೆ. ನಿಮಗೆ ಕಳಿಸುವುದಿಲ್ಲ. ಬಹಳ ಭಾರ.

ಮಾತು ಎತ್ತುವುದಿಲ್ಲ ಎಂದಿದ್ದೆ. ಎತ್ತಿಲ್ಲ.

ರೇಣುಕಪ್ಪ

*

ನರಸಿಂಹರಾಜಪುರ
೨-೬-೧೯೪೦

ರೇಣುಕಪ್ಪನವರೆ,

ಅನ್ನಪೂರ್ಣೆಯ ಮದುವೆ ವೈಶಾಖದಲ್ಲಿ ಚೆನ್ನಾಗಿ ಆಯಿತು. ಹುಡುಗ ಶಿವಮೊಗ್ಗೆಯವನು, ಸಾಧು. ನೆಂಟರೆಲ್ಲ ಹೋದ ಮೇಲೆ ಅಣ್ಣನನ್ನು ಕೇಳಿದೆ. ಅವನು ಮುಖ ತಿರುಗಿಸಿ, ಹುಡುಗಿ ಈಗ ತಾನೇ ಹೊಸ ಮನೆ ಸೇರಿದ್ದಾಳೆ, ಬೀಗರು ಏನೆಂದುಕೊಂಡಾರು, ಅವಳಿಗೊಂದು ಮಗು ಆಗಲಿ ಎಂದ. ಅವನು ಕೆಟ್ಟವನಲ್ಲ. ಹೆದರುತ್ತಾನೆ, ಅಷ್ಟೆ. ಆದರೆ ಮಗುವಾದ ಮೇಲೆ ಇನ್ನೊಂದು ಇರುತ್ತದೆ ಎಂದು ನನಗೆ ಆಗ ಸ್ಪಷ್ಟವಾಯಿತು.

"ಅಣ್ಣ, ಹದಿನಾಲ್ಕು ವರ್ಷಕ್ಕೆ ಈ ಮನೆಗೆ ವಾಪಸು ಬಂದೆ," ಎಂದೆ. "ಇವತ್ತಿನವರೆಗೆ ನನಗೆ ಅಂತ ಏನೂ ಕೇಳಿಲ್ಲ. ಈಗಲೂ ಕೇಳ್ತಾ ಇಲ್ಲ. ಹೇಳ್ತಾ ಇದ್ದೀನಿ."

ಮೊಳಕಾಲ್ಮೂರಿನ ಹೆಣ್ಣುಮಕ್ಕಳ ಶಾಲೆಗೆ ಹೋಗಲು ಯಾರೂ ಒಪ್ಪುವುದಿಲ್ಲವೆಂದು ಚಳಿಗಾಲದಲ್ಲೇ ಕೇಳಿದ್ದೆ. ಅರ್ಜಿ ಹಾಕಿದ್ದೆ. ನಿಮಗೆ ಬರೆಯಲಿಲ್ಲ, ಆಗದೆ ಹೋದರೆ ಎಂಬ ಅಂಜಿಕೆ. ಹೋದ ವಾರ ಆರ್ಡರು ಬಂತು.

ಅಣ್ಣ ಕೆಲವು ದಿನ ನನ್ನೊಡನೆ ಮಾತು ಬಿಟ್ಟ. ಊಟಕ್ಕೆ ಕರೆಯಲು ಹೋದರೆ ತಲೆ ಎತ್ತುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಅಂಗಡಿಯಿಂದ ವೇಳೆಯಲ್ಲದ ವೇಳೆಗೆ ಬಂದು, ನನ್ನ ಟ್ರಂಕಿನ ಮೇಲೆ ಒಂದು ಕಟ್ಟು ಇಟ್ಟು ಹಾಗೇ ಹೊರಟುಹೋದ. ಬಿಚ್ಚಿ ನೋಡಿದೆ. ಕೆಂಪಂಚಿನ ಹಸಿರು ರೇಷ್ಮೆ ಸೀರೆ. ಗಂಡ ಸತ್ತವಳನ್ನು ಇನ್ನೊಂದು ಮನೆಗೆ ಕಳಿಸುವಾಗ ತವರಿನವರು ಹೊಸ ಸೀರೆ ಉಡಿಸುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ನಮ್ಮ ಮನೆತನದಲ್ಲಿ ಎಂದೋ ಬಿಟ್ಟುಹೋದ ಪದ್ಧತಿ. ಅಣ್ಣನಿಗೆ ನೆನಪಿತ್ತು. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು, "ಇದು ಮೊಳಕಾಲ್ಮೂರಿನ ನೇಯ್ಗೆ ಕಣೇ," ಎಂದು ನಕ್ಕರು. ಆಮೇಲೆ ಇಬ್ಬರೂ ಅತ್ತೆವು.

ಲಿಂಗಪ್ಪನವರು ಬಂದು ಮಾತಾಡಿದರೆ ಅಣ್ಣ ಇನ್ನು ಇಲ್ಲ ಎನ್ನುವುದಿಲ್ಲ. ಅದು ಆಗುವವರೆಗೆ ನಾನು ಅಲ್ಲಿಯ ಮುಖ್ಯೋಪಾಧ್ಯಾಯಿನಿ ಸುಬ್ಬಲಕ್ಷ್ಮಿಯವರ ಮನೆಯಲ್ಲಿ ಇರುತ್ತೇನೆ. ಶನಿವಾರ ತರೀಕೆರೆಗೆ ಹೋಗಿ ರೈಲು ಹತ್ತುತ್ತೇನೆ. ಚಿತ್ರದುರ್ಗದವರೆಗೆ ಅಣ್ಣನೇ ಜೊತೆಗೆ ಬರುತ್ತಾನಂತೆ. ಅತ್ತಿಗೆಯ ಮೂಲಕ ಹೇಳಿಕಳಿಸಿದ. ಅಲ್ಲಿಂದ ಸಂಜೆಯ ಮೋಟಾರಿಗೆ ನಾನೊಬ್ಬಳೇ.

ನೀವು ನನ್ನನ್ನು ಕಂಡಿರುವುದು ಎರಡೇ ಸಲ, ಎರಡು ಸಲವೂ ಬಿಳಿ ಸೀರೆಯಲ್ಲಿ. ಮೋಟಾರು ನಿಂತಾಗ ಹಸಿರನ್ನು ನೋಡಿ.

ನಿಮ್ಮ,
ನೀಲಾ